ರೇಸ್ ಕಾರಿನ ಕ್ಯಾಮೆರಾ ಮೌಂಟ್: ಚಿತ್ರ ಏಕೆ ನಡುಗುತ್ತದೆ, ಸ್ಕ್ರುಟಿನಿಯಲ್ಲಿ ಏಕೆ ಬಿಚ್ಚಿಸುತ್ತಾರೆ?

ಪ್ರಶ್ನೆ: ನಾನು ಮತ್ತು ನನ್ನ ಸ್ನೇಹಿತ ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಟ್ರ್ಯಾಕ್‌ಗೆಂದು ಸಿದ್ಧಪಡಿಸಿದ್ದೇವೆ. ಸೀಟಿನ ಹಿಂದಿನ ರೋಲ್ ಕೇಜ್ (ಕಾರು ಪಲ್ಟಿಯಾದಾಗ ಒಳಗಿನವರನ್ನು ಕಾಯುವ ಪೈಪಿನ ಪಂಜರ) ಪೈಪಿಗೆ 10 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿನಿಂದ ಸುಮಾರು 30 ಸೆಂ.ಮೀ. ಉದ್ದದ ತೋಳು ಮಾಡಿ, ಸೈಲೆನ್ಸರಿಗೆ ಹಾಕುವ ಯು-ಬೋಲ್ಟ್‌ನಲ್ಲಿ ಬಿಗಿದು, ತುದಿಗೆ ಆ್ಯಕ್ಷನ್ ಕ್ಯಾಮೆರಾ ಕೂರಿಸಿದ್ದೆವು. ಐಡ್ಲಿಂಗ್‌ನಲ್ಲಿ ಚಿತ್ರ ಹುಚ್ಚುಹುಚ್ಚಾಗಿ ನಡುಗುತ್ತದೆ. ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿ, ಅಂದರೆ ಕರ್ಬ್ ಮೇಲೆ ಚಕ್ರ ಹತ್ತಿದರೆ ಎರಡು ಮೂರು ಸಲ ಜೋಲಿ ಹೊಡೆಯುತ್ತದೆ. 5,000 ಆರ್‌ಪಿಎಂ ದಾಟಿದ ಮೇಲೆ ಸ್ಟೀರಿಂಗ್, ಡ್ಯಾಶ್‌ಬೋರ್ಡ್ ಎಲ್ಲವೂ ನೀರಿನಲ್ಲಿ ಕಂಡಂತೆ ಅಲೆಯಲೆಯಾಗಿ ಕಾಣುತ್ತವೆ. ಇದರ ಮೇಲೆ, ಸ್ಕ್ರುಟಿನಿಯಲ್ಲಿ (ರೇಸಿಗೆ ಮುನ್ನ ನಡೆಯುವ ಕಾರಿನ ತಪಾಸಣೆ) ಅಧಿಕಾರಿಗಳು ಮೌಂಟನ್ನೇ ಬಿಚ್ಚಿಸಿದರು. ಒಬ್ಬರು ಕೇಜ್‌ಗೇ ವೆಲ್ಡ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ನಡುವೆ ರಬ್ಬರ್ ಕೊಡಿ ಎನ್ನುತ್ತಾರೆ. ಬಾನೆಟ್ ಮೇಲೆ ಸಕ್ಷನ್ ಕಪ್ ಹಾಕಿದರೆ ಗಾಳಿಗೆ ಹಾರಿಹೋಗುತ್ತದೆಯೇ? ನಾವೇ ತಯಾರಿಸಬೇಕೆಂಬ ಆಸೆ ಇದೆ, ಏನು ಮಾಡಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಒಂದು, ಚಿತ್ರ ಚೆನ್ನಾಗಿ ಬರುತ್ತಿಲ್ಲ. ಇನ್ನೊಂದು, ಮೌಂಟ್ ಸುರಕ್ಷಿತವಲ್ಲವೆಂದು ಅಧಿಕಾರಿಗಳಿಗೆ ಅನ್ನಿಸಿದೆ. ನೀವು ಇವೆರಡನ್ನೂ ಬೇರೆಬೇರೆ ತೊಂದರೆಗಳೆಂದು ತಿಳಿದು, ಒಂದಕ್ಕೆ ರಬ್ಬರ್, ಇನ್ನೊಂದಕ್ಕೆ ವೆಲ್ಡಿಂಗ್ ಎಂದು ಯೋಚಿಸುತ್ತಿದ್ದೀರಿ. ಕಾರುಗಳಿಗೆ ರೋಲ್ ಕೇಜ್ ಕಟ್ಟಿ, ಅವನ್ನು ಸ್ಕ್ರುಟಿನಿಗೆ ಒಯ್ಯುವ ಕೆಲಸದಲ್ಲಿರುವ ನನ್ನ ಅಭಿಪ್ರಾಯದಲ್ಲಿ ಎರಡರ ಮೂಲವೂ ಒಂದೇ: ಆ 30 ಸೆಂ.ಮೀ. ಉದ್ದದ ಸಣಕಲು ತೋಳು. ಅದನ್ನು ಗಿಡ್ಡ ಮತ್ತು ಗಡುಸು ಮಾಡಿದರೆ ಚಿತ್ರವೂ ನಿಲ್ಲುತ್ತದೆ, ಅಪಘಾತದ ಭಯವೂ ಬಹುಪಾಲು ಕಡಿಮೆಯಾಗುತ್ತದೆ.

ಓಡುವ ರೇಸ್ ಕಾರಿನೊಳಗಿನಿಂದ ಚಿತ್ರ ತೋರಿಸುವ ಸಾಹಸ ಹೊಸದೇನಲ್ಲ. 1979ರಲ್ಲಿ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ರೇಸಿನಲ್ಲಿ ಕಾರಿನೊಳಗೆ ಕ್ಯಾಮೆರಾ ಇಟ್ಟು ನೇರಪ್ರಸಾರ ಮಾಡಿದ್ದರು. 1985ರ ಜರ್ಮನ್ ಗ್ರ್ಯಾನ್ ಪ್ರಿಯಲ್ಲಿ ಫ್ರಾನ್ಸ್ವಾ ಎಸ್ನೋ ಓಡಿಸಿದ ರೆನೋ ಕಾರಿನಲ್ಲೂ ಕ್ಯಾಮೆರಾ ಇತ್ತು. ಆ ಕಾಲದ ಉಪಕರಣಗಳು ಭಾರವಾಗಿದ್ದುದರಿಂದ ಅವನ್ನು ಕಾರಿನ ದೇಹಕ್ಕೆ ಭದ್ರವಾಗಿ ಬಿಗಿಯದೆ ಬೇರೆ ದಾರಿಯೇ ಇರಲಿಲ್ಲ. ಇಂದಿನ ಆ್ಯಕ್ಷನ್ ಕ್ಯಾಮೆರಾ 150 ಗ್ರಾಮಿನ ಆಸುಪಾಸಿನಲ್ಲಿದೆ. ಆ ಹಗುರತನವೇ ನಮ್ಮನ್ನು ಉದಾಸೀನರನ್ನಾಗಿ ಮಾಡಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಮೊದಲು ನಡುಕದ ವಿಷಯ. ಒಂದು ತುದಿ ಬಿಗಿದು ಇನ್ನೊಂದು ತುದಿಯಲ್ಲಿ ಭಾರ ಹೊತ್ತ ಯಾವುದೇ ರಾಡಿಗೆ ತನ್ನದೇ ಆದ ಒಂದು ಸ್ವಾಭಾವಿಕ ಕಂಪನಾಂಕ ಇರುತ್ತದೆ, ಅಂದರೆ ಏಟು ಬಿದ್ದರೆ ಸೆಕೆಂಡಿಗೆ ಇಂತಿಷ್ಟು ಸಲ ಎಂದು ಅದು ತಾನಾಗಿ ಅದುರುತ್ತದೆ (ಸೆಕೆಂಡಿಗೆ ಒಂದು ಸಲ ಎಂದರೆ ಒಂದು ಹರ್ಟ್ಜ್). ಹೊರಗಿನ ಕಂಪನ ಅದೇ ಅಂಕಕ್ಕೆ ಹೊಂದಿಕೊಂಡರೆ ನಡುಕ ಹಲವು ಪಟ್ಟು ಹಿಗ್ಗುತ್ತದೆ. ನೀವು ಹೇಳಿದ ಅಳತೆಗಳನ್ನು ಹಿಡಿದು, ಕ್ಯಾಮೆರಾ ಮತ್ತು ಹೋಲ್ಡರ್ ಸೇರಿ 300 ಗ್ರಾಂ ಎಂದು ಲೆಕ್ಕ ಹಾಕಿದರೆ ನಿಮ್ಮ ತೋಳಿನ ಸ್ವಾಭಾವಿಕ ಕಂಪನಾಂಕ ಸುಮಾರು 28 ಹರ್ಟ್ಜ್ ಬರುತ್ತದೆ. ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಫೈರಿಂಗ್ ಆಗುವುದರಿಂದ, ಅದರ ಮುಖ್ಯ ಕಂಪನ ಎಷ್ಟು ಹರ್ಟ್ಜ್ ಎಂದು ತಿಳಿಯಲು ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸಾಕು. 28 ಹರ್ಟ್ಜ್ ಎಂದರೆ 850 ಆರ್‌ಪಿಎಂ, ಅಂದರೆ ಹೆಚ್ಚುಕಡಿಮೆ ನಿಮ್ಮ ಐಡ್ಲಿಂಗ್. ಕಾರು ನಿಂತಲ್ಲೇ ಚಿತ್ರ ಹುಚ್ಚಾಗಿ ನಡುಗುವುದಕ್ಕೆ ಕಾರಣ ಇಷ್ಟೇ. ಕರ್ಬ್ ಹತ್ತಿದಾಗ ಕಾಣುವ ಜೋಲಿಯೂ ಇದೇ ತೋಳಿನದು. ಏಟು ಬಿದ್ದ ಮೇಲೆ ಅದು ತನ್ನ ಲಯದಲ್ಲಿ ತೂಗಾಡಿ ನಿಲ್ಲುತ್ತದೆ.

5,000 ಆರ್‌ಪಿಎಂ ಮೇಲಿನ ನೀರಿನ ಅಲೆಯ ಬಗೆ ಬೇರೆ. ಆ ವೇಗದಲ್ಲಿ ಕಂಪನ 167 ಹರ್ಟ್ಜ್ ದಾಟಿರುತ್ತದೆ. ಇಂಥ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯದೆ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಮೇಲಿನ ಸಾಲನ್ನು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಕ್ಯಾಮೆರಾ ಹಲವು ಸಲ ಆಚೀಚೆ ಅದುರಿದ್ದರೆ, ನೇರ ಗೆರೆಯಾಗಬೇಕಿದ್ದ ಕಂಬಿ ಹಾವಿನಂತೆ ಬಳುಕುತ್ತದೆ. ರಾಡಿನ ಸಣ್ಣ ಬಾಗುವಿಕೆ, ಕ್ಯಾಮೆರಾ ಹೋಲ್ಡರಿನ ಪ್ಲಾಸ್ಟಿಕ್ ಬೆರಳುಗಳ ಸಡಿಲಿಕೆ, ಪೈಪಿನ ಮೇಲೆ ಯು-ಬೋಲ್ಟ್ ಸರಿಯಾಗಿ ಕೂರದಿರುವುದು, ಎಲ್ಲವೂ ಇದಕ್ಕೆ ಕೈಜೋಡಿಸುತ್ತವೆ. ಪ್ರಖರ ಬಿಸಿಲಿನಲ್ಲಿ ಶಟರ್ ಅತಿವೇಗವಾಗಿ ಮುಚ್ಚುವುದರಿಂದ ಈ ಅಲೆಗಳು ಇನ್ನಷ್ಟು ಚೂಪಾಗಿ ಕಾಣುತ್ತವೆ. ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದರೆ ಅವು ಸ್ವಲ್ಪ ಮಸುಕಾದಾವು, ಆದರೆ ಮೂಲ ಅದುರುವಿಕೆ ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ತೋಳು ಉದ್ದವಾಯಿತೆಂದು ಅದೇ ರಾಡನ್ನು 10 ಸೆಂ.ಮೀ.ಗೆ ಕತ್ತರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಉದ್ದ ಮೂರನೇ ಒಂದಾದರೆ ಗಡುಸುತನ 27 ಪಟ್ಟಾಗುತ್ತದೆ ನಿಜ, ಆದರೆ ಆಗ ಕಂಪನಾಂಕ ಸುಮಾರು 154 ಹರ್ಟ್ಜ್‌ಗೆ, ಅಂದರೆ 4,600 ಆರ್‌ಪಿಎಂಗೆ ಬಂದು ನಿಲ್ಲುತ್ತದೆ. ಐಡ್ಲಿಂಗ್‌ನಲ್ಲಿದ್ದ ಪೀಡೆಯನ್ನು ತಂದು ಎಂಜಿನ್ ಹೆಚ್ಚು ಹೊತ್ತು ದುಡಿಯುವ ಜಾಗದಲ್ಲಿ ಕೂರಿಸಿದಂತಾಯಿತು. ಆದ್ದರಿಂದ ಗಿಡ್ಡ ಮಾಡುವುದರ ಜೊತೆಗೆ ರಾಡನ್ನು ಬಿಟ್ಟು ಟೊಳ್ಳು ಸೆಕ್ಷನ್‌ಗೆ ಹೋಗಬೇಕು. 20 ಮಿ.ಮೀ. ಚೌಕದ, 1.5 ಮಿ.ಮೀ. ದಪ್ಪದ ಎಂ.ಎಸ್. ಟ್ಯೂಬ್ ಯಾವ ಕಬ್ಬಿಣದ ಅಂಗಡಿಯಲ್ಲಾದರೂ ಸಿಗುತ್ತದೆ, 10 ಸೆಂ.ಮೀ. ತುಂಡು ನಿಮ್ಮ ರಾಡಿನ ಅಷ್ಟೇ ಉದ್ದದ ತುಂಡಿಗಿಂತ 25 ಗ್ರಾಂ ಮಾತ್ರ ಹೆಚ್ಚು ತೂಗಿದರೂ 13 ಪಟ್ಟು ಗಡುಸು. ಲೆಕ್ಕದಲ್ಲಿ ಅದರ ಕಂಪನಾಂಕ 500 ಹರ್ಟ್ಜ್ ದಾಟುತ್ತದೆ. ಕ್ಲಾಂಪ್ ಮತ್ತು ಪ್ಲಾಸ್ಟಿಕ್ ಹೋಲ್ಡರಿನ ಬಳುಕಿನಿಂದ ಅದರಲ್ಲಿ ಅರ್ಧ ಕಳೆದುಹೋದರೂ 250 ಹರ್ಟ್ಜ್, ಅಂದರೆ 7,500 ಆರ್‌ಪಿಎಂ, ಉಳಿಯುತ್ತದೆ. ನಿಮ್ಮ ಎಂಜಿನ್ ಅಲ್ಲಿಯವರೆಗೆ ಏರಬೇಕಾಗಿಲ್ಲ.

ಕ್ಯಾಮೆರಾವನ್ನು ಇನ್ನೂ ಮುಂದಕ್ಕೆ ತರಬೇಕೆಂಬ ಆಸೆಯಿಂದಲೇ ನೀವು ತೋಳನ್ನು ಉದ್ದ ಮಾಡಿರಬೇಕು. ಹಾಗೆ ಬೇಕಿದ್ದರೆ ತೋಳು ಬೆಳೆಸುವ ಬದಲು ಹತ್ತಿರದ ಇನ್ನೊಂದು ಪೈಪನ್ನು ಹುಡುಕಿ, ಅಥವಾ ಎರಡು ಪೈಪುಗಳ ನಡುವೆ ಎರಡೂ ತುದಿಗೆ ಕ್ಲಾಂಪ್ ಇರುವ ಅಡ್ಡಪಟ್ಟಿಯೊಂದನ್ನು ಹಾಕಿ. ಎರಡೂ ತುದಿಯಲ್ಲಿ ಆಸರೆಯಿದ್ದು ನಡುವೆ ಭಾರ ಹೊರುವ ಟ್ಯೂಬ್, ಅಷ್ಟೇ ಉದ್ದದ ಒಂಟಿ ತೋಳಿಗಿಂತ ಕಡಿಮೆಯೆಂದರೂ 16 ಪಟ್ಟು ಗಡುಸಾಗಿರುತ್ತದೆ.

ಇನ್ನು ರಬ್ಬರ್. ಡ್ರೋನ್‌ಗಳಲ್ಲಿ ಕ್ಯಾಮೆರಾ ಕೆಳಗೆ ರಬ್ಬರ್ ಗುಂಡುಗಳಿರುವುದನ್ನು ಕಂಡವರು ಈ ಸಲಹೆ ಕೊಡುತ್ತಾರೆ. ಅಲ್ಲಿ ಕಂಪನವೆಲ್ಲ ರೆಕ್ಕೆಗಳ ಅತಿವೇಗದ್ದು. ಕಾರಿನಲ್ಲಿ ಹಾಗಲ್ಲ: ಬಾಡಿ ಸ್ಪ್ರಿಂಗುಗಳ ಮೇಲೆ ನಿಧಾನವಾಗಿ ತೂಗುತ್ತದೆ, ಚಕ್ರಗಳು ಸುಮಾರು 10ರಿಂದ 15 ಹರ್ಟ್ಜ್‌ನಲ್ಲಿ ಕುಣಿಯುತ್ತವೆ, ಅದರ ಮೇಲೆ ಎಂಜಿನ್ ಅದುರುತ್ತದೆ. ರಬ್ಬರ್ ತನ್ನ ಸ್ವಾಭಾವಿಕ ಕಂಪನಾಂಕದ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನದನ್ನು ಮಾತ್ರ ತಡೆಯುತ್ತದೆ. ಅದರ ಆಸುಪಾಸಿನದನ್ನು ಹೆಚ್ಚಿಸುತ್ತದೆ. ಎಂಜಿನ್ನಿನ ನಡುಕ ತಡೆಯುವಷ್ಟು ಮೆತ್ತಗಿನ ರಬ್ಬರ್ ಹಾಕಿದರೆ ಕರ್ಬ್ ಮೇಲೆ ಕ್ಯಾಮೆರಾ ತಲೆ ಕೊಡವುತ್ತದೆ, ಜೊತೆಗೆ ಅಪಘಾತದಲ್ಲಿ ಕಿತ್ತುಬರಬಲ್ಲ ಇನ್ನೊಂದು ಕೀಲನ್ನು ನೀವೇ ಸೇರಿಸಿದಂತಾಗುತ್ತದೆ. ಪೈಪಿಗೂ ಕ್ಲಾಂಪಿಗೂ ನಡುವೆ ಸೈಕಲ್ ಟ್ಯೂಬಿನ ಒಂದೇ ಒಂದು ಪದರವಿದ್ದರೆ ತಪ್ಪಿಲ್ಲ. ಅದು ಪೇಂಟ್ ಕಾಯುತ್ತದೆ ಮತ್ತು ಜಾರದಂತೆ ಹಿಡಿಯುತ್ತದೆ.

ಕ್ಯಾಮೆರಾದ ಸ್ಟೆಬಿಲೈಸೇಶನ್ ಆಯ್ಕೆಯನ್ನೂ ಆಫ್ ಮಾಡಿ ನೋಡಿ. ಕ್ಯಾಮೆರಾ ಕಾರಿಗೆ ಬಿಗಿದಿರುವಾಗ ಅದರೊಳಗಿನ ಜೈರೊ (ತಿರುಗುವಿಕೆ ಗುರುತಿಸುವ ಸೆನ್ಸರ್) ಅಳೆಯುವುದು ಇಡೀ ಕಾರಿನ ಚಲನೆಯನ್ನು. ಅದನ್ನು ಸರಿಪಡಿಸಲು ಹೋಗಿ ಸಾಫ್ಟ್‌ವೇರ್ ರಸ್ತೆಯನ್ನು ಸ್ಥಿರವಾಗಿಸುತ್ತದೆ, ಸ್ಟೀರಿಂಗ್ ಮತ್ತು ಕೇಜ್ ಚೌಕಟ್ಟಿನೊಳಗೆ ತೇಲಾಡತೊಡಗುತ್ತವೆ. ಅನೇಕರು ಮೌಂಟನ್ನು ದೂರುವಾಗ ತಪ್ಪು ಇಲ್ಲಿರುತ್ತದೆ.

ಈಗ ವೆಲ್ಡಿಂಗ್ ಪ್ರಶ್ನೆ. "ಎರಡು ಟ್ಯಾಕ್ ಹೊಡೆದುಬಿಡೋಣ ಸರ್, ಜನ್ಮದಲ್ಲಿ ಬಿಚ್ಚಲ್ಲ" ಎಂದು ವೆಲ್ಡರ್ ಹೇಳುವುದು ಸಹಜ, ಮತ್ತು ಅವರ ಮಾತು ಅಷ್ಟರ ಮಟ್ಟಿಗೆ ಸತ್ಯ. ಕೇಜ್ ಕಟ್ಟಿರುವುದೇ ವೆಲ್ಡಿಂಗ್‌ನಿಂದ ಅಲ್ಲವೇ ಎಂದು ನೀವೂ ಕೇಳಬಹುದು. ವ್ಯತ್ಯಾಸ ಜಾಗದಲ್ಲಿದೆ. ಕೇಜ್‌ನ ಬೆಸುಗೆಗಳು ಪೈಪುಗಳು ಒಂದಕ್ಕೊಂದು ಆಸರೆಯಾಗುವ ಸಂಧಿಗಳಲ್ಲಿರುತ್ತವೆ. ಕೇಜ್‌ಗೆ ಬಳಸುವ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಪೈಪ್ ತನ್ನ ಬಲದ ಒಂದು ಪಾಲನ್ನು ತಣ್ಣಗೆ ಎಳೆದ ಪ್ರಕ್ರಿಯೆಯಿಂದ ಪಡೆದಿರುತ್ತದೆ. ಅದರ ನಟ್ಟನಡುವೆ ಶಾಖ ಕೊಟ್ಟರೆ, ಕಾರು ಪಲ್ಟಿಯಾದಾಗ ಎಲ್ಲಿ ಬಾಗಬಾರದೋ ಅಲ್ಲಿಯೇ ಪೈಪನ್ನು ಮೆತ್ತಗೆ ಮಾಡಿದಂತೆ. ರಂಧ್ರ ಕೊರೆಯುವುದೂ ಅಷ್ಟೇ ಕೆಟ್ಟದ್ದು. ಅಂತರರಾಷ್ಟ್ರೀಯ ಮೋಟರ್ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ನಿಯಮಾವಳಿಯ ಅನುಬಂಧ ಜೆ, 253ನೇ ವಿಧಿಯ ಪ್ರಕಾರ ಹೋಮೊಲೊಗೇಶನ್ (ಅಧಿಕೃತ ಮಾದರಿ ಮಾನ್ಯತೆ) ಅಥವಾ ಪ್ರಮಾಣಪತ್ರ ಪಡೆದ ಕೇಜ್‌ನ ವಸ್ತುವಿನಲ್ಲಿ ಯಂತ್ರಗಾರಿಕೆಯಿಂದಾಗಲಿ ಬೆಸುಗೆಯಿಂದಾಗಲಿ ಶಾಶ್ವತ ಬದಲಾವಣೆ ಮಾಡುವುದಕ್ಕೆ ಅವಕಾಶವಿಲ್ಲ. ಕ್ಯಾಮೆರಾಕ್ಕೋಸ್ಕರ ಇಡೀ ಕೇಜ್ ತಿರಸ್ಕಾರವಾಗುವುದು ನಿಮಗೆ ಬೇಡ.

ಯು-ಬೋಲ್ಟ್ ಕೂಡ ಬೇಡ. ಅದರ ದುಂಡು ಕಂಬಿ ಪೈಪನ್ನು ಒಂದು ಗೆರೆಯಲ್ಲಿ ಮಾತ್ರ ಒತ್ತುತ್ತದೆ, ಬಿಗಿದಷ್ಟೂ ಕಚ್ಚುಗುರುತು ಬೀಳುತ್ತದೆ. ನಿಮ್ಮ ಮೌಂಟನ್ನು ಬಿಚ್ಚಿಸಿದ ಅಧಿಕಾರಿ ಮೊದಲು ನೋಡಿದ್ದು ಬಹುಶಃ ಅದನ್ನೇ.

ನಾನು ಹೇಳುವ ದಾರಿ ಎರಡು ಹೋಳಿನ ಅಲ್ಯೂಮಿನಿಯಂ ಕ್ಲಾಂಪ್. ಮೊದಲು ವರ್ನಿಯರ್ ಹಿಡಿದು ಪೈಪಿನ ಹೊರವ್ಯಾಸ ಅಳೆಯಿರಿ. ಎಫ್‌ಐಎ ನಿಯಮಗಳನ್ನು ಅನುಸರಿಸಿದ ಕೇಜ್‌ಗಳಲ್ಲಿ ಮೇನ್ ಹೂಪ್ (ಸೀಟುಗಳ ಹಿಂದೆ ಅಡ್ಡಲಾಗಿ ನಿಲ್ಲುವ ಮುಖ್ಯ ಕಮಾನು) ಸಾಮಾನ್ಯವಾಗಿ 45 ಅಥವಾ 50 ಮಿ.ಮೀ., ಉಳಿದ ಪೈಪುಗಳು 38 ಅಥವಾ 40 ಮಿ.ಮೀ. ಇರುತ್ತವೆ. 38ರ ಪೈಪಿಗೆ 40ರ ಕ್ಲಾಂಪ್ ಮಾಡಿ ನಡುವೆ ರಬ್ಬರ್ ತುಂಬುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಅಡ್ಡದಾರಿ. 25 ಮಿ.ಮೀ. ದಪ್ಪದ 6061 ಅಥವಾ 6082 ದರ್ಜೆಯ ಅಲ್ಯೂಮಿನಿಯಂ ತುಂಡನ್ನು ಲೇತ್‌ನಲ್ಲಿ ಸರಿಯಾದ ವ್ಯಾಸಕ್ಕೆ ಬೋರ್ ಮಾಡಿಸಿ, ಬೋಲ್ಟಿನ ರಂಧ್ರಗಳನ್ನೂ ಕೊರೆಸಿ, ಆಮೇಲೆ ಹ್ಯಾಕ್ಸಾದಿಂದ ಎರಡು ಹೋಳು ಮಾಡಿ. ಈ ಅನುಕ್ರಮ ಮುಖ್ಯ: ಮೊದಲೇ ಕತ್ತರಿಸಿದರೆ ವೃತ್ತ ಸರಿಬರುವುದಿಲ್ಲ. ಬ್ಲೇಡ್ ತಿಂದ ಒಂದು ಒಂದೂವರೆ ಮಿ.ಮೀ. ಸಂದೇ ಬಿಗಿಯಲು ಬೇಕಾದ ಅವಕಾಶ. ಬಿಗಿದ ಮೇಲೂ ಎರಡು ಹೋಳುಗಳ ನಡುವೆ ಸಂದು ಕಾಣಿಸುತ್ತಿರಬೇಕು. ಇಲ್ಲದಿದ್ದರೆ ಹೋಳುಗಳು ಒಂದನ್ನೊಂದು ಒತ್ತುತ್ತಿವೆ, ಪೈಪನ್ನು ಹಿಡಿದಿಲ್ಲ ಎಂದರ್ಥ. 8.8 ದರ್ಜೆಯ ಎರಡು ಎಂ6 ಬೋಲ್ಟ್‌ಗಳನ್ನು ಆರಪಾರ ಹಾಕಿ, ಹಿಂದೆ ವಾಷರ್ ಮತ್ತು ನೈಲಾಕ್ ನಟ್ (ನೈಲಾನ್ ಉಂಗುರವಿದ್ದು ಸುಲಭವಾಗಿ ಸಡಿಲವಾಗದ ನಟ್) ಕೊಟ್ಟು, 7ರಿಂದ 8 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಕ್ಯಾಮೆರಾ ಸೇರುವ ತುದಿಯಲ್ಲಿ ನಮ್ಮ ವರ್ಕ್‌ಶಾಪ್‌ಗಳು ಒಂದು ತಪ್ಪು ಮಾಡುತ್ತವೆ. ಕ್ಯಾಮೆರಾ ಮತ್ತು ಟ್ರೈಪಾಡ್‌ಗಳ ಥ್ರೆಡ್ ಕಾಲು ಇಂಚಿನದು, ಇಂಚಿಗೆ 20 ಎಳೆ. ಎಂ6 ಬೋಲ್ಟ್ ನೋಡಲು ಅದರಂತೆಯೇ ಇದ್ದರೂ ವ್ಯಾಸ 6 ಮಿ.ಮೀ. ಮಾತ್ರ; ಕಾಲು ಇಂಚು ಎಂದರೆ 6.35 ಮಿ.ಮೀ. ಎಂ6 ಅನ್ನು ಅಲ್ಲಿ ತಿರುಗಿಸಿದರೆ ಒಂದೆರಡು ಸುತ್ತು ಹೋಗಿ ಬಿಗಿಯಾದಂತೆ ಅನ್ನಿಸುತ್ತದೆ, ಒಳಗೆ ಎಳೆಗಳನ್ನು ಕೆಡಿಸಿರುತ್ತದೆ, ಮೊದಲ ಕೆಲವು ಲ್ಯಾಪ್‌ಗಳಲ್ಲೇ ಸಡಿಲವಾಗುತ್ತದೆ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಸರಿಯಾದ ಸ್ಕ್ರೂವನ್ನೇ ಬಳಸಿ. ಥ್ರೆಡ್ ಲಾಕರ್ ದ್ರವವನ್ನು ಲೋಹಕ್ಕೆ ಲೋಹ ಸೇರುವಲ್ಲಿ ಮಾತ್ರ ಹಾಕಿ. ಪಾಲಿಕಾರ್ಬೊನೇಟ್, ಎಬಿಎಸ್ ಮುಂತಾದ ಪ್ಲಾಸ್ಟಿಕ್‌ಗೆ ತಾಗಿದರೆ ಅದು ಬಿರುಕು ಬಿಡಿಸುತ್ತದೆ. ತ್ರೀಡಿ ಪ್ರಿಂಟ್ ಮಾಡಿಸುವ ಯೋಚನೆಯಿದ್ದರೆ ಅದರಲ್ಲಿ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ ಆದ ಪಿಎಲ್‌ಎ ಬೇಡವೇ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆದುವಾಗುತ್ತದೆ, ಚೆನ್ನೈ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಆ ಶಾಖ ಹೊಸದೇನಲ್ಲ.

ಎಲ್ಲಿ ಕೂರಿಸಬೇಕು ಎಂಬುದನ್ನು ಚಿತ್ರದ ಕೋನಕ್ಕಿಂತ ಮೊದಲು ಚಾಲಕರ ತಲೆ ನಿರ್ಧರಿಸಬೇಕು. ಹೆಲ್ಮೆಟ್ ತಾಗಬಹುದಾದ ಕೇಜ್ ಭಾಗಗಳಿಗೆ ಪ್ಯಾಡಿಂಗ್ ಕಡ್ಡಾಯ ಎನ್ನುವಾಗ, ಅದೇ ಜಾಗದಲ್ಲಿ ಅಲ್ಯೂಮಿನಿಯಂ ಮೂಲೆಯೊಂದನ್ನು ತಂದಿಡುವುದರಲ್ಲಿ ಅರ್ಥವಿಲ್ಲ. ಅಪಘಾತದಲ್ಲಿ ಬೆಲ್ಟ್ ಬಿಗಿದಿದ್ದರೂ ತಲೆ ಮತ್ತು ತೋಳು ನಾವು ಊಹಿಸುವುದಕ್ಕಿಂತ ದೂರ ಚಾಚುತ್ತವೆ. ಆದ್ದರಿಂದ ಎರಡು ಸೀಟುಗಳ ನಡುವೆ, ಚಾಲಕರ ಭುಜಕ್ಕಿಂತ ಹಿಂದೆ, ಸಹಪ್ರಯಾಣಿಕನ ಬದಿಗೆ ಸರಿದು, ಹಾರ್ನೆಸ್ ಬಾರ್ (ಚಾಲಕರ ರೇಸಿಂಗ್ ಬೆಲ್ಟ್ ಕಟ್ಟುವ ಅಡ್ಡ ಪೈಪು) ಅಥವಾ ಓರೆ ಪೈಪಿನ ಮೇಲೆ ಕೂರಿಸುವುದು ಒಳ್ಳೆಯದು. ಅಲ್ಲಿಂದ ಕೈ, ಸ್ಟೀರಿಂಗ್, ರಸ್ತೆ ಮೂರೂ ಕಾಣುತ್ತವೆ. ಹಾರ್ನೆಸ್ ಪಟ್ಟಿ ಹಾದುಹೋಗುವ ಜಾಗ ಮಾತ್ರ ಬಿಡಿ. ಚಾಲಕ ಹೆಲ್ಮೆಟ್ ತೊಟ್ಟು ಎರಡೂ ಬಾಗಿಲಿನಿಂದ ಹೊರಬರುವುದನ್ನು ಒಮ್ಮೆ ಮಾಡಿ ನೋಡಿ, ಏನೂ ಸಿಕ್ಕಿಕೊಳ್ಳಬಾರದು. ಹೆಲ್ಮೆಟ್‌ಗೇ ಕ್ಯಾಮೆರಾ ಅಂಟಿಸುವ ಮಾತು ಬಿಡಿ: ತಯಾರಾದ ಸ್ಥಿತಿಯಿಂದ ಹೆಲ್ಮೆಟ್ಟನ್ನು ಮಾರ್ಪಡಿಸಲು ಎಫ್‌ಐಎ ಒಪ್ಪುವುದಿಲ್ಲ. ಕೇಜ್ ಇಲ್ಲದ ಕಾರಾದರೆ, ತೆಗೆದುಹಾಕಿದ ಸೀಟಿನ ಬೋಲ್ಟ್ ರಂಧ್ರಗಳು ಅಥವಾ ಬಳಕೆಯಲ್ಲಿಲ್ಲದ ಸೀಟ್ ಬೆಲ್ಟಿನ ಆಧಾರಸ್ಥಾನವನ್ನು ಬಳಸಬಹುದು. ಮನುಷ್ಯನ ಭಾರ ತಡೆಯಲೆಂದೇ ಮಾಡಿದ ಜಾಗಗಳವು.

ಬಾನೆಟ್ ಮೇಲಿನ ಸಕ್ಷನ್ ಕಪ್‌ಗೆ ಬರೋಣ. ಗಾಳಿಗೆ ಹಾರಿಹೋಗುತ್ತದೆ ಎಂಬ ಭಯ ಉತ್ಪ್ರೇಕ್ಷೆ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಇಂಥ ಪುಟ್ಟ ಕ್ಯಾಮೆರಾದ ಮೇಲೆ ಗಾಳಿ ಒತ್ತುವುದು ಸುಮಾರು 4 ನ್ಯೂಟನ್, ಎಂದರೆ ಅರ್ಧ ಕಿಲೋ ಭಾರಕ್ಕಿಂತ ಕಡಿಮೆ. 75 ಮಿ.ಮೀ. ಕಪ್ ಪೂರ್ತಿ ನಿರ್ವಾತ ಹಿಡಿದರೆ ನೇರ ಎಳೆತಕ್ಕೆ 45 ಕಿಲೋವರೆಗೆ ತಡೆಯಬೇಕು. ವಾಸ್ತವದಲ್ಲಿ ಅರ್ಧ ಸಿಕ್ಕರೂ ಬೇಕಾದಷ್ಟಾಯಿತು. ಹಾಗಿದ್ದೂ ಕಪ್‌ಗಳು ಕಳಚುತ್ತವೆ. ಬಾನೆಟ್ಟಿನ ತೆಳು ತಗಡು ಅದುರಿ ಬಳುಕುತ್ತದೆ, ಅಂಚಿನಲ್ಲಿ ಒಂದು ಧೂಳಿನ ಕಣ ಅಥವಾ ಪೇಂಟಿನ ಉಬ್ಬು ಸಾಕು ಗಾಳಿ ಒಳಸೇರಲು, ಬಿಸಿಲಿಗೂ ಎಂಜಿನ್ ಶಾಖಕ್ಕೂ ರಬ್ಬರ್ ಮೆದುವಾಗುತ್ತದೆ, ಉದ್ದನೆಯ ಕಾಂಡವಿದ್ದರೆ ಅಂಚಿನಿಂದ ಸಿಪ್ಪೆ ಬಿಡಿಸಿದಂತೆ ಎಬ್ಬಿಸುತ್ತದೆ. ಅಂಟುಪಟ್ಟಿಯ ಮೌಂಟ್ ಇದಕ್ಕಿಂತ ವಾಸಿ, ಆದರೆ ಅದಕ್ಕೆ ತಾಳ್ಮೆ ಬೇಕು: ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಅಂಟಿಸಿ, ಪೂರ್ತಿ ಬಲ ಬರಲು 72 ಗಂಟೆ ಬಿಡಬೇಕು. ಬೆಳಗ್ಗೆ ಪ್ಯಾಡಕ್‌ನಲ್ಲಿ ಅಂಟಿಸಿ ಅರ್ಧ ಗಂಟೆಯಲ್ಲಿ ಟ್ರ್ಯಾಕಿಗಿಳಿಯುವುದು ಜೂಜು. ಹೊರಗಿನಿಂದ ಕಳಚಿದ ಕ್ಯಾಮೆರಾ ಹೋಗಿ ಬಡಿಯುವುದು ಹಿಂದಿನ ಕಾರಿಗೋ ಮಾರ್ಷಲ್‌ಗೋ. ಸ್ಪರ್ಧೆಯಲ್ಲಿ ಹೊರಗಿನ ಮೌಂಟ್ ಬೇಡವೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಒಳಗಿನದೂ ಕಳಚಬಾರದು. ಗಂಟೆಗೆ 140 ಕಿ.ಮೀ. ವೇಗದಲ್ಲಿದ್ದ ಕಾರು ಗೋಡೆಗೆ ಹೊಡೆದು ನಿಂತರೆ, ಕಳಚಿದ 300 ಗ್ರಾಂ ಕ್ಯಾಮೆರಾ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ವೇಗದ ಬೌಲರ್ ಎಸೆದ ಚೆಂಡಿನ ಹೆಚ್ಚುಕಡಿಮೆ ಎರಡರಷ್ಟು ತೂಕ, ಅದೂ ಮೂಲೆಗಳಿರುವ ವಸ್ತು. ಆದ್ದರಿಂದ ಸುರಕ್ಷಾ ತಂತಿ ಇರಲೇಬೇಕು. 1.5ರಿಂದ 2 ಮಿ.ಮೀ. ಸ್ಟೀಲ್ ವೈರ್ ರೋಪನ್ನು ಕ್ರಿಂಪ್ ಮಾಡಿ, ಕ್ಯಾಮೆರಾದ ಲೋಹದ ಚೌಕಟ್ಟಿನ ಸುತ್ತ ಹಾಯಿಸಿ, ಕ್ಲಾಂಪಿಗೆ ಕಟ್ಟದೆ ಬೇರೆಯೇ ಪೈಪಿಗೆ ಸುತ್ತಬೇಕು. ಕ್ಲಾಂಪೇ ಹೋದರೆ ತಂತಿ ಉಳಿಯಬೇಕಲ್ಲ. ಎಳೆದರೆ ಚಾಲಕನ ಮುಖಕ್ಕೆ ತಲುಪದಷ್ಟು ಗಿಡ್ಡವಿರಲಿ. ಪ್ಲಾಸ್ಟಿಕ್ ಕೇಬಲ್ ಟೈ ಇದಕ್ಕೆ ಬದಲಿಯಲ್ಲ.

ಮೊಬೈಲ್ ಫೋನನ್ನು ಕ್ಯಾಮೆರಾ ಆಗಿ ಬಳಸುವವರೂ ಇದ್ದಾರೆ. ಮೋಟರ್‌ಸೈಕಲ್ ಎಂಜಿನ್ನಿನಂಥ ತೀವ್ರ ಕಂಪನ ಫೋನಿನ ಲೆನ್ಸ್ ಸ್ಥಿರಗೊಳಿಸುವ ವ್ಯವಸ್ಥೆಯನ್ನು ಕೆಡಿಸಬಹುದೆಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ರೇಸ್ ಕಾರಿನ ವಿಷಯದಲ್ಲಿ ಬೇರೆ ಹೇಳಬೇಕಾಗಿಲ್ಲ.

ಕೂರಿಸಿದ ಮೇಲೆ ಪರೀಕ್ಷೆ ಮಾಡಿ. ತೋಳು, ಹೋಲ್ಡರ್ ಎಲ್ಲ ಸೇರಿ ಅರ್ಧ ಕಿಲೋ ತೂಗಿದರೆ, 50 ಜಿ (ಗುರುತ್ವದ 50 ಪಟ್ಟು) ಆಘಾತದಲ್ಲಿ ಅದರ ಎಳೆತ 25 ಕಿಲೋ ಭಾರದಷ್ಟಾಗುತ್ತದೆ. ಕ್ಯಾಮೆರಾ ತೆಗೆದು ತೋಳಿನ ತುದಿಗೆ 25 ಕಿಲೋ ಅಕ್ಕಿ ಮೂಟೆಯನ್ನು ನೇತುಹಾಕಿ ನೋಡಿ. ಆಮೇಲೆ ಲಗೇಜ್ ತೂಗುವ ತಕ್ಕಡಿಯ ಕೊಕ್ಕೆಯಿಂದ ಅಷ್ಟೇ ಬಲದಲ್ಲಿ ಮುಂದಕ್ಕೂ ಪಕ್ಕಕ್ಕೂ ಎಳೆಯಿರಿ. ಕ್ಲಾಂಪ್ ಪೈಪಿನ ಮೇಲೆ ಒಂದಿಷ್ಟೂ ತಿರುಗಬಾರದು. ಬಿಗಿದ ಬೋಲ್ಟ್ ಮತ್ತು ಕ್ಲಾಂಪ್ ಎರಡರ ಮೇಲೂ ಹಾಯುವಂತೆ ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿಡಿ. ಪ್ರತಿ ಸೆಷನ್ ಮುಗಿದ ಮೇಲೆ ಆ ಗೆರೆ ಮುರಿದಿದೆಯೇ ಎಂದು ನೋಡಿದರೆ ಸಡಿಲಿಕೆ ತಕ್ಷಣ ಗೊತ್ತಾಗುತ್ತದೆ.

ಕಡೆಯದಾಗಿ ಅನುಮತಿ. ನಮ್ಮ ದೇಶದಲ್ಲಿ ಮೋಟರ್ ಕ್ರೀಡೆಗಳನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐ ಮಾನ್ಯತೆಯಡಿ ನಡೆಯುವ ಸ್ಪರ್ಧೆಗಳಲ್ಲಿ, ಅದು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಆಗಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಆಗಲಿ, ಆಯಾ ಸ್ಪರ್ಧೆಯ ಪೂರಕ ನಿಯಮಾವಳಿಯನ್ನು ಮೊದಲೇ ಓದಿಕೊಳ್ಳಿ. ಕ್ಯಾಮೆರಾದ ಜಾಗದ ಬಗ್ಗೆಯೂ ಚಿತ್ರಗಳನ್ನು ಪ್ರಕಟಿಸುವ ಹಕ್ಕಿನ ಬಗ್ಗೆಯೂ ಷರತ್ತುಗಳಿರಬಹುದು. ಕ್ಯಾಮೆರಾವನ್ನು ಚೀಲದಲ್ಲಿಟ್ಟುಕೊಂಡು ಸ್ಕ್ರುಟಿನಿ ಮುಗಿದ ಮೇಲೆ ಕೂರಿಸುವ ಜಾಣತನ ಬೇಡ. ಮೌಂಟ್, ಕ್ಯಾಮೆರಾ, ತಂತಿ ಎಲ್ಲವನ್ನೂ ಕೂರಿಸಿಯೇ ಕಾರನ್ನು ಒಯ್ಯಿರಿ, ಜೊತೆಗೆ ಕ್ಲಾಂಪ್ ಬಿಚ್ಚುವ ಅಲೆನ್ ಕೀ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ಪೈಪಿಗೆ ಗಾಯವಾಗಿಲ್ಲವೆಂದು ಬಿಚ್ಚಿ ತೋರಿಸಿ ಎಂದು ಅಧಿಕಾರಿ ಕೇಳಿದರೆ ಅಲ್ಲೇ ತೋರಿಸಬಹುದು.